ತೀರ್ಪು ಕೇಳಬೇಡಿ, ಸಾಕ್ಷಿ ಕೇಳಿ

"ಊರಿನ ಹೈಸ್ಕೂಲು ಹೇಗಿದೆ?" ಎಂದು ಕೇಳಿದರೆ ಹೆತ್ತವರು "ಪರವಾಗಿಲ್ಲ" ಎನ್ನುತ್ತಾರೆ, ಇಲ್ಲವೇ "ಸರ್ಕಾರಿ ಶಾಲೆ ಅಲ್ವಾ, ಇನ್ನೇನು" ಎಂದು ಮಾತು ಮುಗಿಸುತ್ತಾರೆ. ಮಕ್ಕಳು "ಚೆನ್ನಾಗಿದೆ ಸಾರ್" ಎಂದು ಒಕ್ಕೊರಲಿನಿಂದ ಹೇಳಿ ಸುಮ್ಮನಾಗುತ್ತಾರೆ. ಸರ್ಕಾರಿ ಪ್ರೌಢಶಾಲೆಯ ಪೋಷಕರ ಸಭೆಗಳಲ್ಲಿ ವರ್ಷಗಟ್ಟಲೆ ಕೂತು ಇಂಥ ಮಾತುಗಳನ್ನು ಕೇಳಿದ ಮೇಲೆ ನನಗೆ ಮನದಟ್ಟಾದ ಸಂಗತಿ ಒಂದೇ. ಪೋಷಕರ ಮತ್ತು ವಿದ್ಯಾರ್ಥಿಗಳ ಅಭಿಪ್ರಾಯಕ್ಕೆ ಬೆಲೆಯಿಲ್ಲ ಎಂದು ನಾವು ತಳ್ಳಿಹಾಕುವುದು, ಅವರು ಹೇಳಲಾಗದ್ದನ್ನು ಅವರಿಂದ ಕೇಳುತ್ತಿರುವುದರಿಂದ. ಇಡೀ ಶಾಲೆಯ ಗುಣಮಟ್ಟವನ್ನು ತೂಗಿ ತೀರ್ಪು ಕೊಡಿ ಎಂದರೆ ಯಾರಾದರೂ ತಡವರಿಸುತ್ತಾರೆ. ತಾವು ದಿನವೂ ಕಣ್ಣಾರೆ ಕಂಡದ್ದನ್ನು ಹೇಳಿ ಎಂದರೆ ಅದೇ ತಾಯಿ, ಅದೇ ಹುಡುಗ, ಯಾವ ತಪಾಸಣಾ ವರದಿಯಲ್ಲೂ ಸಿಗದ ಮಾಹಿತಿ ಕೊಡುತ್ತಾರೆ. ಅಭಿಪ್ರಾಯವನ್ನು ತೀರ್ಪಿನಂತೆ ಕೇಳುವುದನ್ನು ಬಿಟ್ಟು ಸಾಕ್ಷಿಯಂತೆ ಕೇಳಿದರೆ ನಮ್ಮ ಪ್ರೌಢಶಾಲೆಗಳನ್ನು ಸರಿಪಡಿಸುವ ದಾರಿ ತೆರೆಯುತ್ತದೆ ಎಂಬುದು ನನ್ನ ನಂಬಿಕೆ.

ಅಭಿಪ್ರಾಯ ಯಾಕೆ ಬೇಕು, ಎಸ್‌ಎಸ್‌ಎಲ್‌ಸಿ ಫಲಿತಾಂಶ ಇಲ್ಲವೇ ಎಂದು ಕೇಳುವವರಿದ್ದಾರೆ. ನಾನೂ ಬಹುಕಾಲ ಫಲಿತಾಂಶವೇ ಶಾಲೆಯ ಕನ್ನಡಿ ಎಂದು ನಂಬಿದ್ದವನು. ಆದರೆ ಆ ಕನ್ನಡಿ ಎಷ್ಟು ಮಸುಕಾಗಿದೆ ಎಂಬುದನ್ನು 2024ರ ಪರೀಕ್ಷೆ ಇಡೀ ರಾಜ್ಯಕ್ಕೆ ತೋರಿಸಿತು. 2023ರಲ್ಲಿ ಶೇ 83.89 ಇದ್ದ ಉತ್ತೀರ್ಣ ಪ್ರಮಾಣ, ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂದ 2024ರಲ್ಲಿ ಶೇ 73.40ಕ್ಕೆ ಇಳಿಯಿತು, ಅದೂ ಕೃಪಾಂಕವನ್ನು ಶೇ 10ರಿಂದ ಶೇ 20ಕ್ಕೆ ಏರಿಸಿದ ಮೇಲೆ. ಒಂದೇ ವರ್ಷದಲ್ಲಿ ರಾಜ್ಯದ ಶಿಕ್ಷಕರೆಲ್ಲ ಪಾಠ ಮಾಡುವುದನ್ನು ಮರೆತರೆಂದು ಯಾರೂ ಹೇಳಲಾರರು. ಬದಲಾದದ್ದು ಕಾವಲು. ಅದೇ ವರ್ಷ 625ಕ್ಕೆ 625 ಅಂಕ ಪಡೆದ ಹುಡುಗಿ ಬಾಗಲಕೋಟೆ ಜಿಲ್ಲೆ ಮುಧೋಳ ತಾಲ್ಲೂಕಿನ ಮೊರಾರ್ಜಿ ದೇಸಾಯಿ ವಸತಿ ಶಾಲೆಯವಳು. ಸರ್ಕಾರಿ ವ್ಯವಸ್ಥೆಯಲ್ಲಿ ಓದಿದವರು ಏನು ಸಾಧಿಸಬಲ್ಲರು ಎಂಬುದಕ್ಕೆ ಅದು ಹೆಮ್ಮೆಯ ನಿದರ್ಶನ. ಆದರೂ ಪ್ರವೇಶ ಪರೀಕ್ಷೆ ನಡೆಸಿ ಮಕ್ಕಳನ್ನು ಸೇರಿಸಿಕೊಳ್ಳುವ ವಸತಿ ಶಾಲೆಯ ಅಂಕವನ್ನು, ಬಂದ ಮಕ್ಕಳನ್ನೆಲ್ಲ ಸೇರಿಸಿಕೊಳ್ಳುವ ಊರ ಹೈಸ್ಕೂಲಿನ ಅಂಕದ ಪಕ್ಕ ಇಟ್ಟು ನೋಡುವುದು ನ್ಯಾಯವಲ್ಲ. ಹತ್ತನೇ ತರಗತಿಯಲ್ಲಿ ಇಪ್ಪತ್ತೇ ಮಕ್ಕಳಿರುವ ಶಾಲೆಯಲ್ಲಿ ಒಬ್ಬ ಅನುತ್ತೀರ್ಣನಾದರೆ ಶೇಕಡಾ ಐದು ಕುಸಿಯುತ್ತದೆ. ಫಲಿತಾಂಶ ಬೇಕು, ಆದರೆ ಅದು ಕೊನೆಯ ಪುಟ ಮಾತ್ರ. ಹಿಂದಿನ ಪುಟಗಳಲ್ಲಿ ಏನಾಯಿತೆಂದು ಹೇಳಬಲ್ಲವರು ಅಲ್ಲಿ ಮೂರು ವರ್ಷ ಕೂತವರು.

ಅವರು ಕಂಡದ್ದಾದರೂ ಏನು? ಹತ್ತನೇ ತರಗತಿಯ ಒಂದು ಗಣಿತದ ನೋಟ್‌ಬುಕ್ ಬಿಡಿಸಿ ನೋಡಿ. ಪಾಠ ಮುಗಿದಲ್ಲಿ ಕೆಂಪು ಶಾಯಿಯ ಒಂದು ರೈಟ್ ಗುರುತು, ಕೆಳಗೆ ಸಹಿ, ದಿನಾಂಕ ಇರಬಹುದು. ಇಲ್ಲವೇ ವರ್ಗ ಸಮೀಕರಣದ ಮೂರನೇ ಹೆಜ್ಜೆಯಲ್ಲಿ ತಪ್ಪಿದ ಋಣ ಚಿಹ್ನೆಗೆ ಸುತ್ತು ಹಾಕಿ, ಪಕ್ಕದಲ್ಲಿ ಸರಿಯಾದ ಹೆಜ್ಜೆ ಬರೆದು, ಮರುದಿನ ಹುಡುಗಿ ಅದೇ ಲೆಕ್ಕವನ್ನು ಮತ್ತೆ ಮಾಡಿದ ಗುರುತು ಇರಬಹುದು. ಮೊದಲನೆಯದು ನೋಡಿದ್ದೇನೆ ಎಂಬುದಕ್ಕೆ ರುಜು, ಎರಡನೆಯದು ಕಲಿಸಿದ್ದೇನೆ ಎಂಬುದಕ್ಕೆ. ವೇಳಾಪಟ್ಟಿಯಲ್ಲಿ ವಾರಕ್ಕೆ ಇಷ್ಟು ವಿಜ್ಞಾನದ ಪಿರಿಯಡ್ ಎಂದು ಬರೆದಿರುತ್ತದೆ. ಕಳೆದ ವಾರ ಅವುಗಳಲ್ಲಿ ಎಷ್ಟು ನಡೆದವೆಂದು ಬಲ್ಲವರು ಮಕ್ಕಳು. ದಾಸ್ತಾನು ಪುಸ್ತಕದಲ್ಲಿ ಬ್ಯೂರೆಟ್, ಪಿಪೆಟ್ ಇರುತ್ತವೆ. ಅವು ಗಾಜಿನ ಬೀರುವಿನಿಂದ ಈ ವರ್ಷ ಹೊರಬಂದವೇ ಎಂದು ಬಲ್ಲವರೂ ಅವರೇ. ಶಾಲೆಗಳ ಅಂಕಿಅಂಶ ಸಂಗ್ರಹಿಸುವ ಯುಡೈಸ್ ನಮೂನೆಯಲ್ಲಿ ಹೆಣ್ಣುಮಕ್ಕಳ ಶೌಚಾಲಯದ ಲೆಕ್ಕ ತುಂಬಿದರೆ ಕೆಲಸ ಮುಗಿಯಿತು. ಅದರ ಬೀಗದ ಕೈ ಸ್ಟಾಫ್‌ರೂಮಿನ ಮೊಳೆಗೆ ನೇತುಹಾಕಿದೆಯೇ, ಕೇಳಲು ನಾಚಿಕೆಯಾಗಿ ಮಕ್ಕಳು ಬೆಳಿಗ್ಗೆಯಿಂದ ನೀರೇ ಕುಡಿಯದೆ ಕೂರುತ್ತಾರೆಯೇ ಎಂಬುದು ಆ ನಮೂನೆಯ ಯಾವ ಕಾಲಮಿನಲ್ಲೂ ಸಿಗುವುದಿಲ್ಲ. ಹದಿನೈದರ ಹುಡುಗಿ ಅದನ್ನು ಒಂದೇ ವಾಕ್ಯದಲ್ಲಿ ಹೇಳಬಲ್ಲಳು, ಅವಳನ್ನು ಕೇಳಿದರೆ.

ಕೂಲಿಗೆ ಹೋಗುವ, ಓದು ಬಾರದ ತಂದೆತಾಯಿಗೆ ಶಿಕ್ಷಣದ ಗುಣಮಟ್ಟ ಏನು ಗೊತ್ತಾಗುತ್ತದೆ ಎಂಬ ಮಾತು ವಿದ್ಯಾವಂತರ ಬಾಯಲ್ಲೇ ಹೆಚ್ಚಾಗಿ ಬರುತ್ತದೆ. ತ್ರಿಕೋನಮಿತಿಯನ್ನು ಸರಿಯಾಗಿ ಹೇಳಿಕೊಟ್ಟರೇ ಎಂದು ಅವರು ಅಳೆಯಲಾರರು, ನಿಜ. ಆದರೆ ಮಗ ಸಂಜೆ ಪುಸ್ತಕ ತೆಗೆಯುತ್ತಾನೆಯೇ, ಸೋಮವಾರ ಬೆಳಿಗ್ಗೆ ಹೊಟ್ಟೆನೋವು ಎನ್ನುತ್ತಾನೆಯೇ, ವಿಶೇಷ ತರಗತಿ ಮುಗಿಸಿದ ಮಗಳಿಗೆ ಕೊನೆಯ ಬಸ್ಸು ಸಿಗುತ್ತದೆಯೇ, ಅಂಕಪಟ್ಟಿಗೆ ಸಹಿ ಹಾಕಿಸಿಕೊಳ್ಳುವಾಗ ಮೇಷ್ಟ್ರು ಮಗುವಿನ ಬಗ್ಗೆ ಒಂದು ಮಾತಾದರೂ ಹೇಳಿದರೇ ಎಂಬುದನ್ನು ಅವರಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಕರ್ನಾಟಕ ಈ ವಿವೇಕವನ್ನು 2001ರಲ್ಲೇ ಒಪ್ಪಿಕೊಂಡಿತ್ತು. ರಾಜಾ ರಾಮಣ್ಣ ನೇತೃತ್ವದ ಕಾರ್ಯಪಡೆಯ ಶಿಫಾರಸಿನ ಬೆನ್ನಿಗೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ನಾವೆಲ್ಲ ಎಸ್‌ಡಿಎಂಸಿ ಎನ್ನುವ ವ್ಯವಸ್ಥೆ ಬಂತು. ಅಲ್ಲಿ ಪೋಷಕರಿಗೆ ಸ್ಥಾನ ಸಿಕ್ಕಿದ್ದು ಪದವಿಯ ಬಲದಿಂದಲ್ಲ, ಮಗು ಆ ಶಾಲೆಯಲ್ಲಿದೆ ಎಂಬ ಒಂದೇ ಕಾರಣಕ್ಕೆ.

ಮಕ್ಕಳ ಮಾತಿನ ಬಗ್ಗೆ ಇರುವ ಅನುಮಾನ ಇನ್ನೂ ಗಟ್ಟಿಯಾದದ್ದು. ಶಿಸ್ತಿನ ಮೇಷ್ಟ್ರನ್ನು ಮಕ್ಕಳು ಬೈಯುತ್ತಾರೆ, ಸಡಿಲ ಬಿಟ್ಟವರನ್ನು ಹೊಗಳುತ್ತಾರೆ ಎನ್ನುತ್ತಾರೆ. "ನಿಮಗೆ ಯಾವ ಸರ್ ಇಷ್ಟ?" ಎಂದು ಕೇಳಿದರೆ ಹಾಗೆ ಆಗುವ ಸಂಭವವಿದೆ. ಪ್ರಶ್ನೆ ಬದಲಾದರೆ ಉತ್ತರದ ಗುಣವೂ ಬದಲಾಗುತ್ತದೆ. ಅಮೆರಿಕದಲ್ಲಿ 2009ರಲ್ಲಿ ಆರಂಭವಾದ, ಸುಮಾರು 3,000 ಶಿಕ್ಷಕರು ಪಾಲ್ಗೊಂಡ ಒಂದು ದೊಡ್ಡ ಅಧ್ಯಯನದಲ್ಲಿ ಹಾರ್ವರ್ಡ್‌ನ ರೊನಾಲ್ಡ್ ಫರ್ಗುಸನ್ ರೂಪಿಸಿದ ಪ್ರಶ್ನಾವಳಿಯನ್ನು ಮಕ್ಕಳ ಕೈಗೆ ಕೊಟ್ಟರು. ಮೇಷ್ಟ್ರು ಒಳ್ಳೆಯವರೇ ಎಂದು ಅದು ಕೇಳಲಿಲ್ಲ. ಅರ್ಥವಾಗದಿದ್ದರೆ ಬೇರೆ ರೀತಿಯಲ್ಲಿ ಹೇಳುತ್ತಾರೆಯೇ, ತರಗತಿಯ ಸಮಯ ವ್ಯರ್ಥವಾಗುತ್ತದೆಯೇ ಎಂಬಂಥ, ಕಂಡದ್ದನ್ನು ಹೇಳಿಸುವ ಪ್ರಶ್ನೆಗಳಿದ್ದವು. ಮಕ್ಕಳು ಹೆಚ್ಚು ಮೆಚ್ಚಿದ ತರಗತಿಗಳಲ್ಲಿ ಕಲಿಕೆಯ ಏರಿಕೆಯೂ ಹೆಚ್ಚಿತ್ತು. ನಮ್ಮ ಶಾಲೆ ಬೇರೆ, ಅಲ್ಲಿಯದು ಬೇರೆ; ಆದರೆ ಶಿಸ್ತಿಗೂ ಅವಮಾನಕ್ಕೂ ಇರುವ ವ್ಯತ್ಯಾಸ ಎಲ್ಲ ಊರಿನ ಮಕ್ಕಳಿಗೂ ಗೊತ್ತು. ಹೆಸರು ಬರೆಯದೆ ಉತ್ತರಿಸುವ ಭರವಸೆ ಇರಬೇಕು, ಪ್ರಶ್ನೆ ಕೇಳುವವರು ಅಂಕ ಕೊಡುವ ಮೇಷ್ಟ್ರೇ ಆಗಿರಬಾರದು. ಆಂತರಿಕ ಮೌಲ್ಯಮಾಪನದ ಅಂಕ ಮೇಷ್ಟ್ರ ಕೈಯಲ್ಲಿರುವಾಗ ಎದುರು ನಿಂತ ಮಗು "ಚೆನ್ನಾಗಿದೆ ಸಾರ್" ಎನ್ನದೆ ಇನ್ನೇನು ಹೇಳೀತು?

ಹೆತ್ತವರು ತಮ್ಮ ಅಭಿಪ್ರಾಯವನ್ನು ಕಾಲಿನಿಂದಲೇ ಹೇಳಿಬಿಟ್ಟಿದ್ದಾರೆ, ಮಕ್ಕಳನ್ನು ಖಾಸಗಿ ಶಾಲೆಯ ವ್ಯಾನು ಹತ್ತಿಸಿದ್ದಾರೆ, ಇನ್ನೇನು ಕೇಳುವುದು ಎಂಬ ವಾದವೂ ಇದೆ. ಅರ್ಥಶಾಸ್ತ್ರಜ್ಞ ಆಲ್ಬರ್ಟ್ ಹರ್ಷ್‌ಮನ್ 1970ರಲ್ಲಿ ಬರೆದ ಪುಸ್ತಕದಲ್ಲಿ ಇದಕ್ಕೆ ಉತ್ತರವಿದೆ. ಗುಣಮಟ್ಟದ ಬಗ್ಗೆ ಹೆಚ್ಚು ಕಾಳಜಿ ಇರುವವರೇ ಸಾರ್ವಜನಿಕ ಶಾಲೆಯನ್ನು ಮೊದಲು ಬಿಟ್ಟುಹೋದರೆ, ಅದನ್ನು ತಿದ್ದಬಲ್ಲ ದನಿಯೂ ಅವರ ಜೊತೆ ಹೊರಟುಹೋಗುತ್ತದೆ ಎಂದು ಅವರು ತೋರಿಸಿದರು. ಟಿ.ಸಿ. ಪಡೆದು ಹೋದವರು ಯಾಕೆ ಹೋದರೆಂದು ಟಿ.ಸಿ.ಯಲ್ಲಿ ಬರೆದಿರುವುದಿಲ್ಲ. ಇಂಗ್ಲಿಷ್ ಮಾಧ್ಯಮಕ್ಕೋ, ನೆರೆಹೊರೆಯವರ ಮುಂದಿನ ಮರ್ಯಾದೆಗೋ, ಗಣಿತದ ಶಿಕ್ಷಕರಿಲ್ಲದ್ದಕ್ಕೋ ತಿಳಿಯುವುದಿಲ್ಲ. ಉಳಿದುಕೊಳ್ಳುವುದು ಶುಲ್ಕ ಕಟ್ಟಲಾಗದ ಮನೆಯ ಮಕ್ಕಳು, ಎಷ್ಟೋ ಕಡೆ ಅಣ್ಣತಮ್ಮಂದಿರನ್ನು ಖಾಸಗಿ ಶಾಲೆಗೆ ಕಳಿಸಿದ ಮನೆಯ ಹೆಣ್ಣುಮಕ್ಕಳು. ಅವರಿಗೆ ಬಿಟ್ಟುಹೋಗುವ ಆಯ್ಕೆ ಇಲ್ಲ. ಹಾಗಾಗಿ ಅವರ ಮಾತಿಗೆ ಹೆಚ್ಚು ಕಿವಿಗೊಡಬೇಕು.

ಶಿಕ್ಷಕರ ಆಕ್ಷೇಪದಲ್ಲಿ ನೋವೂ ಇದೆ, ನ್ಯಾಯವೂ ಇದೆ. ಗಣತಿ, ಚುನಾವಣೆ, ಆನ್‌ಲೈನ್ ಮಾಹಿತಿ ತುಂಬುವುದು, ಬಿಸಿಯೂಟ-ಮೊಟ್ಟೆಯ ಲೆಕ್ಕ ಇವುಗಳ ನಡುವೆ ಪಾಠ ಮಾಡುವವರ ಮೇಲೆ ಊರವರ ದೂರೂ ಬಂದು ಬಿದ್ದರೆ ಹೇಗೆ? ಹುದ್ದೆ ಖಾಲಿ ಬಿದ್ದು, ಅತಿಥಿ ಶಿಕ್ಷಕರು ಬರುವವರೆಗೆ ಪಿಸಿಎಂ, ಅಂದರೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಪಾಠವೇ ನಡೆಯದಿದ್ದರೆ ಅದು ಮುಖ್ಯ ಶಿಕ್ಷಕರ ತಪ್ಪೇ? ಖಂಡಿತ ಅಲ್ಲ. ಸಾಕ್ಷಿ ಬೇಕು ಎನ್ನುವುದೂ ಅದಕ್ಕೇ. "ಶಾಲೆ ಸರಿಯಿಲ್ಲ" ಎಂಬ ತೀರ್ಪು ಎದುರಿಗೆ ಸಿಕ್ಕ ಶಿಕ್ಷಕರ ಮೇಲೆ ಬೀಳುತ್ತದೆ. "ಇಷ್ಟು ವಾರ ವಿಜ್ಞಾನದ ಪಿರಿಯಡ್ ನಡೆದಿಲ್ಲ" ಎಂದು ನಲವತ್ತು ಮನೆಯವರು ಬರೆದುಕೊಟ್ಟ ಸಾಕ್ಷಿ ಶಿಕ್ಷಕರನ್ನು ದಾಟಿ, ಹುದ್ದೆ ತುಂಬಬೇಕಾದವರ ಮೇಜಿಗೆ ಹೋಗುತ್ತದೆ. ನೋಟ್‌ಬುಕ್ ತಿದ್ದುವುದು, ಬೀಗದ ಕೈ ಬಾಗಿಲಲ್ಲೇ ಇಡುವುದು ಶಾಲೆಯ ಕೆಲಸ. ಶಿಕ್ಷಕರನ್ನು ಕೊಡುವುದು ಇಲಾಖೆಯ ಕೆಲಸ. ಈ ಎರಡನ್ನೂ ಬೇರ್ಪಡಿಸಿ ಹೇಳುವ ಪೋಷಕರು ಶಿಕ್ಷಕರ ಎದುರಾಳಿಗಳಲ್ಲ, ಅವರ ಬೆನ್ನಿಗೆ ನಿಲ್ಲುವವರು.

ಪ್ರೌಢಶಾಲೆಯಲ್ಲಿ ಈ ಕೆಲಸಕ್ಕೆ ಅವಸರ ಇರುವುದಕ್ಕೆ ಇನ್ನೊಂದು ಕಾರಣವಿದೆ. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ, ಶಾಲಾ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರು, ಅರ್ಧದಷ್ಟು ಮಹಿಳೆಯರು ಇರಬೇಕೆಂದು ಹೇಳಿತು. ಆದರೆ ಅದರ ಖಾತರಿ 6ರಿಂದ 14 ವರ್ಷದವರಿಗೆ, ಎಂಟನೇ ತರಗತಿಯವರೆಗೆ ಮಾತ್ರ. ಒಂಬತ್ತು, ಹತ್ತನೇ ತರಗತಿ ಆ ಗೆರೆಯ ಆಚೆಗಿವೆ. ಮಕ್ಕಳು ಓದು ಬಿಟ್ಟು ಕೆಲಸಕ್ಕೋ ಮದುವೆಗೋ ಜಾರಿಹೋಗುವ ಅಪಾಯದ ವಯಸ್ಸೂ ಅದೇ. ಮಕ್ಕಳಿಗೆ ಸಂಬಂಧಿಸಿದ ವಿಷಯದಲ್ಲಿ ಅವರ ಮಾತು ಕೇಳಬೇಕೆಂಬ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಭಾರತ ಒಪ್ಪಿದ್ದು 1992ರಲ್ಲಿ. ಗ್ರಾಮ ಪಂಚಾಯಿತಿಗಳ ಮಕ್ಕಳ ಗ್ರಾಮಸಭೆ ನಮ್ಮಲ್ಲಿದೆ. ವೇದಿಕೆಗಳಿಗೆ ಕೊರತೆಯಿಲ್ಲ, ಕೊರತೆ ಇರುವುದು ಸರಿಯಾದ ಪ್ರಶ್ನೆಗೆ, ಮತ್ತು ಕೇಳಿದ್ದನ್ನು ಬರೆದಿಟ್ಟು ಮುಂದಿನ ಸಭೆಯಲ್ಲಿ ಏನಾಯಿತೆಂದು ಹೇಳುವ ಜವಾಬ್ದಾರಿಗೆ. ಒಮ್ಮೆ ಹೇಳಿ ಉತ್ತರ ಸಿಗದ ತಾಯಿ ಎರಡನೇ ಸಭೆಗೆ ಬರುವುದಿಲ್ಲ.

ಆದ್ದರಿಂದ ಓದುಗರಲ್ಲಿ ನನ್ನ ಬಿನ್ನಹ ಇಷ್ಟೇ. ಮುಂದಿನ ಪೋಷಕರ ಸಭೆಗೆ ಹೋಗುವ ಮುನ್ನ ರಾತ್ರಿ ಮಗುವಿನ ಪಕ್ಕ ಕೂತು, ಶಾಲೆ ಹೇಗಿದೆ ಎಂದು ಕೇಳಬೇಡಿ. ಕಳೆದ ವಾರ ಯಾವ ಪಿರಿಯಡ್ ನಡೆಯಲಿಲ್ಲ ಎಂದು ಕೇಳಿ, ಬರೆದುಕೊಳ್ಳಿ. ಸಭೆಗೆ ಹೋಗುವಾಗ ಆ ಚೀಟಿಯ ಜೊತೆ ಒಂದು ನೋಟ್‌ಬುಕ್ಕೂ ಕೈಯಲ್ಲಿರಲಿ.