ಅಲಾಸ್ಕಾ ಕ್ರೂಸಿನಲ್ಲಿ ರಾತ್ರಿ ಊಟ: ಮೊದಲ ಪಂಕ್ತಿಯೋ, ಎರಡನೆಯದೋ, ಬೇಕಾದಾಗಲೋ?

ಬೇಸಿಗೆಯಲ್ಲಿ ಅಮೆರಿಕಕ್ಕೆ ಬರುವ ಅಪ್ಪ ಅಮ್ಮನನ್ನು ಅಲಾಸ್ಕಾ ಕ್ರೂಸಿಗೆ ಕರೆದೊಯ್ಯುವುದು ಈಗ ಅನೇಕ ಕನ್ನಡ ಮನೆಗಳ ಆಸೆ. ಸಿಯಾಟಲ್‌ನಿಂದ ಹೊರಟು ಏಳು ರಾತ್ರಿ ಕಳೆದು ಅಲ್ಲಿಗೇ ಮರಳುವ ಹಡಗುಗಳು ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಓಡಾಡುತ್ತವೆ. ಟಿಕೆಟ್ ಕಾಯ್ದಿರಿಸುವಾಗ ಕೋಣೆ ಆರಿಸಿ ಮುಗಿಯುತ್ತಿದ್ದಂತೆ ಒಂದು ಚಿಕ್ಕ ಪ್ರಶ್ನೆ ಎದುರಾಗುತ್ತದೆ: ರಾತ್ರಿ ಊಟ ಯಾವ ಹೊತ್ತಿಗೆ? ಹೆಚ್ಚಿನವರು ಯೋಚಿಸದೆ ಏನೋ ಒಂದನ್ನು ಒತ್ತಿ ಮುಂದೆ ಹೋಗುತ್ತಾರೆ. ಏಳು ಸಂಜೆಗಳೂ ಹೇಗೆ ಕಳೆಯುತ್ತವೆ ಎಂಬುದು ಈ ಉತ್ತರದ ಮೇಲೆ ನಿಂತಿದೆ. ನಿಮ್ಮ ಜೊತೆ ಸಸ್ಯಾಹಾರಿ ಹಿರಿಯರಿದ್ದರಂತೂ ಕೋಣೆಗೆ ಬಾಲ್ಕನಿ ಬೇಕೇ ಬೇಡವೇ ಎನ್ನುವುದಕ್ಕಿಂತ ಇದೇ ಮುಖ್ಯ.

ಹಂತ 1: ಮೂರು ಆಯ್ಕೆಗಳನ್ನು ಅರ್ಥ ಮಾಡಿಕೊಳ್ಳಿ

ಹಡಗಿನ ದೊಡ್ಡ ಊಟದ ಮನೆಗೆ ಮೇನ್ ಡೈನಿಂಗ್ ರೂಮ್ ಎನ್ನುತ್ತಾರೆ. ಅಲ್ಲಿನ ಊಟ ಟಿಕೆಟ್ ದರದಲ್ಲೇ ಸೇರಿದೆ. ಸಾವಿರಾರು ಪ್ರಯಾಣಿಕರು ಒಂದೇ ಸಲಕ್ಕೆ ಕೂರಲು ಜಾಗವಿಲ್ಲದ ಕಾರಣ, ನಮ್ಮ ಮದುವೆ ಮನೆಗಳಂತೆ ಇಲ್ಲೂ ಎರಡು ಪಂಕ್ತಿ. ಮೊದಲನೆಯದು ಸಂಜೆ 5ರಿಂದ 6ರ ಒಳಗೆ ಶುರುವಾಗುತ್ತದೆ, ಎರಡನೆಯದು 7.30ರಿಂದ 8.30ರ ಒಳಗೆ. ಡಿಸ್ನಿ ಹಡಗುಗಳಲ್ಲಿ ಸಾಮಾನ್ಯವಾಗಿ 5.45 ಮತ್ತು 8.15. ಪಂಕ್ತಿ ಆರಿಸಿಕೊಂಡವರಿಗೆ ಏಳೂ ದಿನ ಅದೇ ಹೊತ್ತು, ಸಾಮಾನ್ಯವಾಗಿ ಅದೇ ಮೇಜು, ಬಡಿಸುವವರೂ ಅವರೇ.

ಮೂರನೆಯದು ಬೇಕಾದಾಗ ಊಟ. ಸುಮಾರು 5.30ರಿಂದ 9ರವರೆಗೆ ಯಾವಾಗ ಬೇಕಾದರೂ ಹೋಗಬಹುದು, ಖಾಲಿ ಇರುವ ಮೇಜು ಕೊಡುತ್ತಾರೆ. ಕಂಪನಿಗೊಂದು ಹೆಸರು ಇದಕ್ಕೆ: ರಾಯಲ್ ಕೆರಿಬಿಯನ್‌ನಲ್ಲಿ ಮೈ ಟೈಮ್, ಕಾರ್ನಿವಲ್‌ನಲ್ಲಿ ಯುವರ್ ಟೈಮ್, ಸೆಲೆಬ್ರಿಟಿಯಲ್ಲಿ ಸೆಲೆಕ್ಟ್. ನಾರ್ವೇಜಿಯನ್ ಕಂಪನಿ 2000ನೇ ಇಸವಿಯಲ್ಲಿ ಫ್ರೀಸ್ಟೈಲ್ ಎಂಬ ಪದ್ಧತಿ ತಂದು ಪಂಕ್ತಿಯನ್ನೇ ಕೈಬಿಟ್ಟಿತು. ಆ ಹಡಗು ಹತ್ತುವವರಿಗೆ ಈ ಪ್ರಶ್ನೆಯೇ ಬರುವುದಿಲ್ಲ, ಅವರು ನೇರವಾಗಿ 4ನೇ ಹಂತಕ್ಕೆ ಹೋಗಬಹುದು.

ಯಾವುದನ್ನು ಆರಿಸಿದರೂ ಮೇಲಿನ ಅಂತಸ್ತಿನ ಬಫೆ ಇದ್ದೇ ಇರುತ್ತದೆ. ಪಂಕ್ತಿ ತಪ್ಪಿತೆಂದು ಯಾರೂ ಹಸಿದು ಮಲಗಬೇಕಾಗಿಲ್ಲ, ದಂಡವೂ ಇಲ್ಲ.

ಹಂತ 2: ಬಂದರಿನ ವೇಳಾಪಟ್ಟಿ ಮುಂದಿಟ್ಟುಕೊಳ್ಳಿ

ಮನೆಯಲ್ಲಿ ನಾವು ಉಣ್ಣುವುದು ಎಂಟೂವರೆಗೆ, ಹಾಗಾಗಿ ಎರಡನೇ ಪಂಕ್ತಿಯೇ ಸರಿ ಎಂದು ಹೊರಡುವುದು ಸಹಜ. ಆದರೆ ಹಡಗಿನಲ್ಲಿ ಹೊತ್ತನ್ನು ನಿರ್ಧರಿಸುವುದು ಬಂದರು. ನಿಮ್ಮ ಹಡಗು ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಊರು ತಲುಪಿ ಎಷ್ಟು ಹೊತ್ತಿಗೆ ಹೊರಡುತ್ತದೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ.

ಅಲಾಸ್ಕಾ ದಾರಿಯಲ್ಲಿ ಸಾಮಾನ್ಯವಾಗಿ ಸಿಗುವ ಊರುಗಳು ಜೂನೋ, ಸ್ಕ್ಯಾಗ್‌ವೇ, ಕೆಚಿಕನ್. ಜೂನೋಗೆ ಅನೇಕ ಹಡಗುಗಳು ಮಧ್ಯಾಹ್ನ ಬಂದು ರಾತ್ರಿ ಒಂಬತ್ತು ಹತ್ತರವರೆಗೆ ನಿಲ್ಲುತ್ತವೆ. ಅಲ್ಲಿ ತಿಮಿಂಗಿಲ ನೋಡಲು ಹೋಗಿಬರಲು ಮೂರರಿಂದ ನಾಲ್ಕು ಗಂಟೆ ಬೇಕು. ಮೆಂಡನ್‌ಹಾಲ್ ಹಿಮನದಿ ಊರಿನಿಂದ ಸುಮಾರು 20 ಕಿಲೋಮೀಟರ್ ದೂರ. ಜೂನ್ ಕೊನೆಯಲ್ಲಿ ಜೂನೋದಲ್ಲಿ ಸೂರ್ಯ ಮುಳುಗುವುದು ರಾತ್ರಿ 10 ಗಂಟೆ ದಾಟಿದ ಮೇಲೆ. ಸಂಜೆ ಐದೂವರೆಗೆ ಅಲ್ಲಿ ಹೊಳೆಯುವ ಹಗಲು. ಅಂಥ ಹೊತ್ತಿನಲ್ಲಿ ಹಿಮನದಿಯ ದಂಡೆ ಬಿಟ್ಟು ಊಟಕ್ಕೆಂದು ಹಡಗಿಗೆ ಓಡಿಬರುವುದು ದೊಡ್ಡ ನಷ್ಟ. ಮೊದಲ ಪಂಕ್ತಿ ಆರಿಸಿಕೊಂಡವರು ಜೂನೋ ದಿನವನ್ನು ಬಫೆಗೆ ಬಿಟ್ಟುಕೊಡಲು ಈಗಲೇ ಮನಸ್ಸು ಮಾಡಿಕೊಳ್ಳಿ.

ಸ್ಕ್ಯಾಗ್‌ವೇಯನ್ನು ಹಡಗು ಹೆಚ್ಚಾಗಿ ಬೆಳಿಗ್ಗೆಯೇ ತಲುಪುತ್ತದೆ. ಚಿನ್ನದ ಹುಚ್ಚಿನ ಕಾಲದಲ್ಲಿ, 1898ರಿಂದ 1900ರ ನಡುವೆ, ಹಾಕಿದ ವೈಟ್ ಪಾಸ್ ರೈಲು ಹತ್ತಿ ಘಟ್ಟದ ನೆತ್ತಿಗೆ ಹೋಗಿಬರಲು ಮೂರು ಗಂಟೆಯೊಳಗೆ ಸಾಕು. ಕೆಚಿಕನ್‌ನಿಂದ ಅನೇಕ ಹಡಗುಗಳು ಮಧ್ಯಾಹ್ನದ ಹೊತ್ತಿಗೆ ಹೊರಟುಬಿಡುತ್ತವೆ. ಈ ಎರಡು ದಿನ ಯಾವ ಪಂಕ್ತಿಯಾದರೂ ನಡೆಯುತ್ತದೆ.

ಕೊನೆಯ ಸಂಜೆ ಬೇರೆ ಕಥೆ. ಅಮೆರಿಕದ 1886ರ ಒಂದು ಕಾಯ್ದೆಯ ಪ್ರಕಾರ, ಬೇರೆ ದೇಶದ ಬಾವುಟದ ಹಡಗು ಸಿಯಾಟಲ್‌ನಿಂದ ಹೊರಟು ಸಿಯಾಟಲ್‌ಗೇ ಮರಳಬೇಕಾದರೆ ನಡುವೆ ಒಂದು ವಿದೇಶಿ ಬಂದರು ಮುಟ್ಟಲೇಬೇಕು. ಅದಕ್ಕಾಗಿ ಹಡಗು ಕೆನಡಾದ ವಿಕ್ಟೋರಿಯಾದಲ್ಲಿ ನಿಲ್ಲುತ್ತದೆ, ಹೆಚ್ಚಾಗಿ ಸಂಜೆಯಿಂದ ನಡುರಾತ್ರಿಯವರೆಗೆ. ಮೊದಲ ಪಂಕ್ತಿಯವರು ಉಂಡು ಆರಾಮವಾಗಿ ಇಳಿದು ದೀಪ ಹಚ್ಚಿದ ಪಾರ್ಲಿಮೆಂಟ್ ಕಟ್ಟಡ ನೋಡಿ ಬರಬಹುದು. ಎರಡನೇ ಪಂಕ್ತಿಯವರು ಊಟ ಇಲ್ಲವೇ ಊರು, ಎರಡರಲ್ಲಿ ಒಂದನ್ನು ಆರಿಸಬೇಕು. (ಅಪ್ಪ ಅಮ್ಮನದು ಭಾರತದ ಪಾಸ್‌ಪೋರ್ಟ್, ಕೈಯಲ್ಲಿರುವುದು ಅಮೆರಿಕದ ಪ್ರವಾಸಿ ವೀಸಾ ಎಂದಾದರೆ ಈ ಒಂದು ಸಂಜೆಗಾಗಿ ಕೆನಡಾ ವೀಸಾವೂ ಬೇಕು. ಊಟದ ಚಿಂತೆಗೆ ಮೊದಲು ಅದನ್ನು ಮಾಡಿಸಿ.)

ಹಾಳೆಯ ಮೇಲೆ ಎಣಿಸಿ ನೋಡಿ. ಸಂಜೆ ಆರರ ಹೊತ್ತಿಗೆ ನೀವು ದಡದಲ್ಲೇ ಇರುವ ದಿನಗಳು ಎರಡಕ್ಕಿಂತ ಹೆಚ್ಚಿದ್ದರೆ ಮೊದಲ ಪಂಕ್ತಿಯನ್ನು ಮರೆತುಬಿಡಿ.

ಹಂತ 3: ಮೇಜಿನ ಸುತ್ತ ಕೂರುವವರನ್ನು ನೆನೆಯಿರಿ

ಪಂಕ್ತಿಯ ಊಟ ಬಾಳೆಎಲೆಯ ಊಟದಷ್ಟು ಬೇಗ ಮುಗಿಯುವುದಿಲ್ಲ. ಮೊದಲು ಸೂಪು ಅಥವಾ ಸಲಾಡ್, ಆಮೇಲೆ ಮುಖ್ಯ ಅಡುಗೆ, ಕೊನೆಗೆ ಸಿಹಿ. ಒಂದೂವರೆ ಗಂಟೆ ಹಿಡಿದೇ ಹಿಡಿಯುತ್ತದೆ. ಎಂಟಕ್ಕೆ ಕೂತರೆ ಅನ್ನ ತಟ್ಟೆಗೆ ಬರುವಾಗ ಎಂಟೂಮುಕ್ಕಾಲು, ಏಳುವಾಗ ಒಂಬತ್ತೂವರೆ. ಎಂಟು ವರ್ಷದೊಳಗಿನ ಮಕ್ಕಳು ಅಷ್ಟರಲ್ಲಿ ಮಡಿಲಲ್ಲೇ ನಿದ್ದೆ ಹೋಗಿರುತ್ತಾರೆ.

ಸಕ್ಕರೆ ಕಾಯಿಲೆ ಇರುವವರು ಇನ್ಸುಲಿನ್ ಅಥವಾ ಮಾತ್ರೆಯನ್ನು ಕೋಣೆಯಲ್ಲೇ ತೆಗೆದುಕೊಂಡು ಹೊರಡುವುದು ವಾಡಿಕೆ. ಇಲ್ಲಿ ಊಟ ಬರುವುದು ತಡವಾಗಬಹುದು. ಹೊರಡುವ ಮೊದಲೇ ನಿಮ್ಮ ಡಾಕ್ಟರ ಬಳಿ ಈ ಹೊತ್ತಿನ ಲೆಕ್ಕ ಮಾತಾಡಿ. ಕೂತ ತಕ್ಷಣ ಬ್ರೆಡ್ ಬುಟ್ಟಿ ತರಲು ಕೇಳುವುದರಲ್ಲಿ ಸಂಕೋಚ ಬೇಡ.

ಊರಿನಿಂದ ಹಿರಿಯರು ಬಂದು ವಾರ ಕೂಡ ಆಗಿಲ್ಲವೆಂದರೆ ಇನ್ನೊಂದು ಲೆಕ್ಕವಿದೆ. ಬೇಸಿಗೆಯಲ್ಲಿ ಸಿಯಾಟಲ್ ಬೆಂಗಳೂರಿಗಿಂತ ಹನ್ನೆರಡೂವರೆ ಗಂಟೆ ಹಿಂದೆ, ಅಲಾಸ್ಕಾ ಹದಿಮೂರೂವರೆ ಗಂಟೆ ಹಿಂದೆ. ಅಲಾಸ್ಕಾದ ಸಂಜೆ ಏಳು ಎಂದರೆ ಊರಿನಲ್ಲಿ ಬೆಳಿಗ್ಗೆ ಎಂಟೂವರೆ. ರಾತ್ರಿಯಿಡೀ ಎಚ್ಚರವಿದ್ದಷ್ಟು ದಣಿವು ಅವರ ಮೈಯಲ್ಲಿರುತ್ತದೆ. ಅಂಥವರನ್ನು ಎರಡನೇ ಪಂಕ್ತಿಗೆ ಕೂರಿಸಬೇಡಿ.

ಹಂತ 4: ಸಸ್ಯಾಹಾರದ ಲೆಕ್ಕ ಹಾಕಿ

ನಿಗದಿತ ಪಂಕ್ತಿಯ ನಿಜವಾದ ಬೆಲೆ ತಿಳಿಯುವುದು ಇಲ್ಲೇ.

ಮೊದಲ ರಾತ್ರಿ ನಿಮ್ಮ ಮೇಜಿಗೆ ಬರುವ ವೇಟರ್‌ಗೆ ನಿಮ್ಮ ಊಟದ ಕ್ರಮ ವಿವರಿಸುತ್ತೀರಿ. ಮಾಂಸ, ಮೀನು ಬೇಡ, ಮೊಟ್ಟೆಯೂ ಬೇಡ. ಸೂಪಿಗೆ ಕೋಳಿಯ ರಸ ಹಾಕಿರಬಾರದು. ನಡುಗುವ ಸಿಹಿಗಳಲ್ಲಿ ಜೆಲಾಟಿನ್ ಇರಬಾರದು. ಅತ್ತೆಗೆ ಈರುಳ್ಳಿ ಬೆಳ್ಳುಳ್ಳಿಯೂ ಆಗದು, ಮಾವನಿಗೆ ಖಾರ ಬೇಕೇ ಬೇಕು. ನಿಗದಿತ ಮೇಜಿನಲ್ಲಿ ಇದನ್ನು ಒಂದೇ ಸಲ ಹೇಳಿದರಾಯಿತು. ಎರಡನೇ ರಾತ್ರಿ ಅವರೇ ಕೇಳುತ್ತಾರೆ, ಮೂರನೇ ರಾತ್ರಿ ಹಸಿ ಮೆಣಸಿನಕಾಯಿಯ ಚಿಕ್ಕ ತಟ್ಟೆ ನೀವು ಕೂರುವ ಮೊದಲೇ ಮೇಜಿನ ಮೇಲಿರುತ್ತದೆ. ಬೇಕಾದಾಗ ಊಟದಲ್ಲಿ ಮೇಜು ದಿನವೂ ಬದಲಾಗಬಹುದು. ಆಗ ಪ್ರತಿ ರಾತ್ರಿ ಹೊಸಬರಿಗೆ ಹೊಸದಾಗಿ ಹೇಳಬೇಕು, ಮೊಟ್ಟೆಯ ವಿಷಯ ಯಾವುದೋ ಒಂದು ರಾತ್ರಿ ತಪ್ಪಿಯೇ ತಪ್ಪುತ್ತದೆ. ಇಂಗ್ಲಿಷಿನಲ್ಲಿ ಮಾತಾಡಲು ಹಿಂಜರಿಯುವ ಹಿರಿಯರಿಗೆ ಪರಿಚಿತ ಮುಖವೊಂದು ಊಟಕ್ಕಿಂತ ದೊಡ್ಡ ಸಮಾಧಾನ.

ಮಾಡಬೇಕಾದ ಕೆಲಸ ಹೀಗೆ. ಟಿಕೆಟ್ ಕಾಯ್ದಿರಿಸಿದ ಕೂಡಲೇ ಕಂಪನಿಗೆ ನಿಮ್ಮ ಆಹಾರದ ನಿಯಮವನ್ನು ಬರೆದು ತಿಳಿಸಿ. ಜೈನ ಅಡುಗೆ, ಅಲರ್ಜಿಯಂಥವಕ್ಕೆ ಹಲವು ವಾರ ಮೊದಲೇ ತಿಳಿಸಬೇಕೆಂದು ಕಂಪನಿಗಳು ಕೇಳುತ್ತವೆ. ಹಡಗು ಹತ್ತಿದ ದಿನ ಹೆಡ್ ವೇಟರನ್ನು ಕಂಡು ಅದನ್ನೇ ಮತ್ತೊಮ್ಮೆ ಹೇಳಿ. ಹಲವು ವೇಟರ್‌ಗಳ ಮೇಲ್ವಿಚಾರಕರಾದ ಇವರೇ ಅಡುಗೆಮನೆಯೊಡನೆ ಮಾತಾಡಬಲ್ಲವರು. ಆಮೇಲೆ ಪ್ರತಿ ರಾತ್ರಿ ಊಟ ಮುಗಿಯುವಾಗ ಮರುದಿನದ ಪಟ್ಟಿ ತರಿಸಿಕೊಂಡು ನಾಳೆಗೆ ಏನು ಬೇಕೆಂದು ಆಗಲೇ ಹೇಳಿಬಿಡಿ. ಒಂದು ದಿನದ ಸಮಯ ಸಿಕ್ಕರೆ ಪಟ್ಟಿಯಲ್ಲಿ ಇಲ್ಲದ ದಾಲ್, ಪಲ್ಯ, ರೊಟ್ಟಿ ಸಿಗುವುದು ಎಷ್ಟೋ ಸುಲಭ.

ದೊಡ್ಡ ಕಂಪನಿಗಳ ಹಡಗುಗಳಲ್ಲಿ ಭಾರತೀಯ ಅಡುಗೆಯವರು ಇರುತ್ತಾರೆ. ಸಿಗುವುದು ಹೆಚ್ಚಾಗಿ ಉತ್ತರ ಭಾರತದ ಪನೀರು, ದಾಲ್, ಬಾಸ್ಮತಿ ಅನ್ನ. ಸಾರು, ಹುಳಿ ನಿರೀಕ್ಷಿಸಬೇಡಿ. ಬಿಳಿ ಅನ್ನ, ಸಿಹಿಯಿಲ್ಲದ ಮೊಸರು ಕೇಳಿದರೆ ತಂದುಕೊಡುತ್ತಾರೆ. ಪಕ್ಕದಲ್ಲಿ ಚಟ್ನಿಪುಡಿ ಇದ್ದರೆ ಅಮ್ಮನ ಊಟ ಆಯಿತು. ಮನೆಯಲ್ಲಿ ಮಾಡಿದ ತಿಂಡಿಯನ್ನು ಸಾಮಾನ್ಯವಾಗಿ ಹಡಗಿಗೆ ಬಿಡುವುದಿಲ್ಲ, ಹಾಗಾಗಿ ಅಂಗಡಿಯ ಮುಚ್ಚಿದ ಪೊಟ್ಟಣವನ್ನೇ ಒಯ್ಯಿರಿ. ಗೋವಾ, ಕೇರಳ, ನಮ್ಮ ಮಂಗಳೂರು ಉಡುಪಿ ಕಡೆಯ ಹುಡುಗರು ಈ ಕೆಲಸದಲ್ಲಿ ಬಹಳ ಮಂದಿ ಇದ್ದಾರೆ. ಎದೆಯ ಮೇಲಿನ ಬಿಲ್ಲೆಯಲ್ಲಿ ಹೆಸರಿನ ಜೊತೆ ದೇಶವೂ ಬರೆದಿರುತ್ತದೆ. ಊರು ಯಾವುದೆಂದು ಕೇಳಿ ನೋಡಿ.

ಹಂತ 5: ಬೇಗ ಕಾಯ್ದಿರಿಸಿ, ಬುಕಿಂಗ್‌ಗಳನ್ನು ಜೋಡಿಸಿ

ಮಕ್ಕಳಿರುವವರೂ ಹಿರಿಯರೂ ಕೇಳುವ ಮೊದಲ ಪಂಕ್ತಿ ಬೇಗ ತುಂಬುತ್ತದೆ. ತುಂಬಿದ್ದರೆ ಕಾಯುವ ಪಟ್ಟಿಯಲ್ಲಿ ಹೆಸರು ಬರೆಸಿ.

ಎರಡು ಮೂರು ಸಂಸಾರ ಒಟ್ಟಿಗೆ ಹೋಗುವಾಗ ಬುಕಿಂಗ್ ಸಂಖ್ಯೆ ಬೇರೆ ಬೇರೆ ಇರುತ್ತದೆ. ಕಂಪನಿಗೆ ಅಥವಾ ಏಜೆಂಟರಿಗೆ ಫೋನ್ ಮಾಡಿ ಅವನ್ನು ಊಟಕ್ಕಾಗಿ ಜೋಡಿಸಿ ಎಂದು ಹೇಳಲೇಬೇಕು, ಎಲ್ಲರೂ ಒಂದೇ ಪಂಕ್ತಿಯಲ್ಲಿರಬೇಕು. ಇಲ್ಲದಿದ್ದರೆ ಅಣ್ಣ ಒಂದು ಮೂಲೆ, ತಂಗಿ ಇನ್ನೊಂದು ಮೂಲೆ. ನೀವು ಇಬ್ಬರೇ ಆಗಿದ್ದು ಅಪರಿಚಿತರ ಜೊತೆ ದೊಡ್ಡ ಮೇಜು ಬೇಡವೆನಿಸಿದರೆ ಇಬ್ಬರ ಮೇಜು ಬೇಕೆಂದು ಮೊದಲೇ ತಿಳಿಸಿ.

ರಂಗಮಂದಿರದ ಕಾರ್ಯಕ್ರಮಗಳನ್ನು ಎರಡೂ ಪಂಕ್ತಿಗೆ ಹೊಂದುವಂತೆ ದಿನಕ್ಕೆರಡು ಸಲ ಇಡುತ್ತಾರೆ. ಅದಕ್ಕಾಗಿ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಟಿಪ್ಸ್ ಕೂಡ ಅಷ್ಟೇ: ತಲೆಗೆ ದಿನಕ್ಕಿಷ್ಟು ಎಂದು ಬಿಲ್ಲಿಗೆ ಸೇರುವ ಮೊತ್ತ ಊಟದ ಹೊತ್ತು ಬದಲಾದರೆ ಬದಲಾಗುವುದಿಲ್ಲ.

ಹಂತ 6: ಬೇಕಾದಾಗ ಊಟವನ್ನು ಪಂಕ್ತಿಯಂತೆ ಬಳಸಿ

ಬಂದರಿನ ಲೆಕ್ಕ ಬೇಕಾದಾಗ ಊಟದ ಕಡೆ ವಾಲುತ್ತದೆ, ಸಸ್ಯಾಹಾರದ ಲೆಕ್ಕ ನಿಗದಿತ ಮೇಜಿನ ಕಡೆ. ಅಲಾಸ್ಕಾಕ್ಕೆ ಹೋಗುವ ಹೆಚ್ಚಿನ ಕನ್ನಡ ಕುಟುಂಬಗಳು ಸಿಕ್ಕಿಕೊಳ್ಳುವುದು ಇಲ್ಲೇ. ನನ್ನ ಸಲಹೆ: ಬೇಕಾದಾಗ ಊಟವನ್ನೇ ಆರಿಸಿ, ಆದರೆ ಹಡಗಿನ ಆ್ಯಪ್‌ನಲ್ಲಿ ದಿನವೂ ಒಂದೇ ಹೊತ್ತಿಗೆ, ಆರೂಕಾಲು ಎಂದಿಟ್ಟುಕೊಳ್ಳಿ, ಮೇಜು ಕಾಯ್ದಿರಿಸಿ. ಆ್ಯಪ್‌ನಲ್ಲಿ ಮುಂಗಡ ಕಾಯ್ದಿರಿಸಲು ಬಿಡದ ಹಡಗಾದರೆ ಊಟದ ಮನೆಯ ಬಾಗಿಲಿನ ಮೇಜಿನಲ್ಲಿ ಕೇಳಿ. ಮೊದಲ ರಾತ್ರಿಯ ವೇಟರ್ ಹಿಡಿಸಿದರೆ ಅವರ ಹೆಸರು, ಮೇಜಿನ ಸಂಖ್ಯೆ ಬರೆದಿಟ್ಟುಕೊಂಡು ನಾಳೆಯಿಂದ ಇವರ ಮೇಜೇ ಕೊಡಿ ಎಂದು ಹೆಡ್ ವೇಟರ್‌ಗೆ ಹೇಳಿ. ಸಾಧ್ಯವಾದಷ್ಟು ಮಾಡಿಕೊಡುತ್ತಾರೆ. ಜೂನೋ ದಿನ ಮಾತ್ರ ಹೊತ್ತು ಬದಲಿಸಿಕೊಂಡರಾಯಿತು.

ಕಾಯ್ದಿರಿಸದೆ ಹೋಗುವುದಾದರೆ ಆರೂವರೆಯಿಂದ ಏಳೂವರೆಯ ನಡುವೆ ಹೋಗಬೇಡಿ. ಸಾಲು ಉದ್ದವಿರುವುದು ಆಗಲೇ. ಎಂಟು ಹತ್ತು ಮಂದಿ ಒಟ್ಟಿಗೆ ಹೋದರೆ ದೊಡ್ಡ ಮೇಜು ಖಾಲಿಯಾಗುವವರೆಗೆ ನಿಂತು ಕಾಯಬೇಕಾಗುತ್ತದೆ, ಮಂಡಿನೋವಿನ ಹಿರಿಯರಿಗೆ ಅದು ಶಿಕ್ಷೆ. ಎಂಟಕ್ಕಿಂತ ಹೆಚ್ಚು ಜನರಿರುವ ಗುಂಪಿಗೆ ನಿಗದಿತ ಪಂಕ್ತಿಯೇ ಒಳ್ಳೆಯದು, ಒಂದೆರಡು ಸಂಜೆ ಕೈತಪ್ಪಿದರೂ ಸರಿ.

ಹಂತ 7: ಹತ್ತಿದ ಮೇಲೆ ಬದಲಿಸಬೇಕೆನಿಸಿದರೆ

ಹಡಗು ಹತ್ತಿದ ಮಧ್ಯಾಹ್ನ, ಸೂಟ್‌ಕೇಸ್ ಕೋಣೆಗೆ ಬರುವ ಮೊದಲೇ, ಮೇನ್ ಡೈನಿಂಗ್ ರೂಮ್ ಬಾಗಿಲಿಗೆ ಹೋಗಿ. ಮೇಜುಗಳ ಬದಲಾವಣೆಗೆಂದೇ ಅಲ್ಲಿ ಒಬ್ಬರು ಕೂತಿರುತ್ತಾರೆ, ಎಲ್ಲಿ ಎಂದು ಆ ದಿನದ ಹಾಳೆಯಲ್ಲಿ ಅಥವಾ ಆ್ಯಪ್‌ನಲ್ಲಿ ಇರುತ್ತದೆ. ನಿಗದಿತದಿಂದ ಬೇಕಾದಾಗ ಊಟಕ್ಕೆ ಬದಲಾಗುವುದು ಸಾಮಾನ್ಯವಾಗಿ ಸುಲಭ. ಎರಡನೇ ಪಂಕ್ತಿಯಿಂದ ಮೊದಲನೆಯದಕ್ಕೆ ಬರುವುದು ಕಷ್ಟ. ಅಂದು ಆಗದಿದ್ದರೆ ಮೂರನೇ ದಿನ ಮತ್ತೆ ಕೇಳಿ: ಅಷ್ಟರಲ್ಲಿ ಕೆಲವರು ಬಫೆಗೆ ಒಗ್ಗಿಕೊಂಡು ಪಂಕ್ತಿಗೆ ಬರುವುದನ್ನೇ ಬಿಟ್ಟಿರುತ್ತಾರೆ, ಮೇಜುಗಳು ಖಾಲಿಯಾಗಿರುತ್ತವೆ.

ಪಂಕ್ತಿಗೆ ಬರಲಾಗದ ದಿನ ಹಿಂದಿನ ರಾತ್ರಿಯೇ ವೇಟರ್‌ಗೆ ತಿಳಿಸಿ. ನಿಮಗೆಂದೇ ಬೇರೆಯಾಗಿ ಮಾಡಿಸಿದ ಅಡುಗೆ ವ್ಯರ್ಥವಾಗಬಾರದು. ಹೊತ್ತಿಗೆ ಸರಿಯಾಗಿ ಹೋಗುವುದೂ ಮುಖ್ಯ, ತೀರ ತಡವಾಗಿ ಬಂದವರನ್ನು ಒಳಗೆ ಕೂರಿಸುವುದಿಲ್ಲ. ಫೋನಿನ ಗಡಿಯಾರ ದಡದ ಸಮಯ ಹಿಡಿದು ಒಂದು ಗಂಟೆ ಹಿಂದೆಮುಂದೆ ಆಗುವುದುಂಟು, ಊಟಕ್ಕೆ ಹೊರಡುವಾಗ ಹಡಗಿನ ಆ್ಯಪ್ ಅಥವಾ ಕೋಣೆಯ ಟಿವಿ ತೋರಿಸುವ ಹೊತ್ತನ್ನೇ ನಂಬಿ.