ಕತ್ತೆಯ ಕೊರಳ ಮುತ್ತು

ಪ್ರಶ್ನೆ: ಯಹೂದಿಯೊಬ್ಬ ಗುರುತು ಪರಿಚಯವಿಲ್ಲದವರಿಗೆ ಉಪಕಾರ ಮಾಡಿದರೆ ಅದರಿಂದ ದೇವರ ಹೆಸರಿಗೇ ಗೌರವ ಬಂತು ಎನ್ನುತ್ತಾರಂತೆ. ಮನುಷ್ಯನ ಉಪಕಾರಕ್ಕೂ ದೇವರ ಹೆಸರಿಗೂ ಏನು ಸಂಬಂಧ?

ಉತ್ತರ: ಯಹೂದಿಗಳು ಇದನ್ನು ಹೀಬ್ರೂ ಭಾಷೆಯಲ್ಲಿ ‘ಕಿದ್ದುಷ್ ಹಶೆಮ್’ ಎನ್ನುತ್ತಾರೆ, ದೇವರ ನಾಮವನ್ನು ಪಾವನಗೊಳಿಸುವುದು ಎಂದರ್ಥ. 1096ರಲ್ಲಿ ಕ್ರೈಸ್ತರ ಧರ್ಮಯುದ್ಧವಾದ ಕ್ರೂಸೇಡಿನ ದಂಡು ರೈನ್ ನದಿದಡದ ಊರುಗಳ ಮೇಲೆ ಬಿದ್ದಾಗ ಮತಾಂತರಕ್ಕೆ ಒಪ್ಪದೆ ಪ್ರಾಣ ಬಿಟ್ಟವರನ್ನು ನೆನೆಯುವುದೂ ಇದೇ ಮಾತಿನಿಂದ. ಆದರೆ ನನಗೆ ಅದರ ದಿನನಿತ್ಯದ ಅರ್ಥವೇ ದೊಡ್ಡದು. ಮಾಂಸ ಕೊಂಡು ಕಟುಕನಿಗೆ ಆಗಲೇ ದುಡ್ಡು ಕೊಡದಿದ್ದರೆ ತನ್ನಿಂದ ದೇವರ ನಾಮಕ್ಕೆ ಕಳಂಕ ಬಂದಂತೆ ಎಂದು ರಾವ್ ಎಂಬ ಗುರು ಹೇಳಿದ್ದು ಯಹೂದಿ ಶಾಸ್ತ್ರಗ್ರಂಥವಾದ ತಾಲ್ಮುದ್‌ನಲ್ಲಿದೆ.

ಒಂದು ಹಳೆಯ ಕತೆ ಕೇಳಿ. ಎರಡು ಸಾವಿರ ವರ್ಷಗಳ ಹಿಂದಿನ ಗುರು ಶಿಮೋನ್ ಬೆನ್ ಶೆತಾಹ್ ಅಗಸೆನಾರಿನ ಕಸುಬಿನಿಂದ ಹೊಟ್ಟೆ ಹೊರೆಯುತ್ತಿದ್ದರು. ಗುರುಗಳ ದಣಿವು ನೋಡಲಾರದೆ ಶಿಷ್ಯರು ಒಬ್ಬ ಅರಬನಿಂದ ಕತ್ತೆ ಕೊಂಡು ತಂದರು. ನೋಡಿದರೆ ಅದರ ಮೈಮೇಲೆ ಒಂದು ಮುತ್ತು ನೇತಾಡುತ್ತಿತ್ತು! ಇನ್ನು ನೀವು ದುಡಿಯಬೇಕಿಲ್ಲ ಎಂದು ಶಿಷ್ಯರು ಹಿಗ್ಗಿದರು. ಮಾರಿದವನಿಗೆ ಇದು ಗೊತ್ತಿತ್ತೇ ಎಂದು ಗುರುಗಳು ಕೇಳಿದರು. ಇಲ್ಲವೆಂದಾಗ, ಹೋಗಿ ಕೊಟ್ಟುಬನ್ನಿ ಎಂದರು. ಅನ್ಯಮತದವನು ಕಳೆದುಕೊಂಡ ವಸ್ತುವನ್ನು ಇಟ್ಟುಕೊಳ್ಳಲು ಶಾಸ್ತ್ರದ ಅಡ್ಡಿಯಿಲ್ಲವೆಂದು ಶಿಷ್ಯರು ವಾದಿಸಿದರೂ ಅವರು ಜಗ್ಗಲಿಲ್ಲ. ಆ ಅರಬ ತಮ್ಮ ದೇವರನ್ನು ಕೊಂಡಾಡುವುದು ಈ ಲೋಕದ ಸಂಪತ್ತಿಗಿಂತ ಅವರಿಗೆ ಹೆಚ್ಚಿನದಾಗಿತ್ತು. ಅರಬ ಹಾಗೇ ಕೊಂಡಾಡಿದ, ಮುತ್ತು ಮರಳಿಸಿದವರನ್ನಲ್ಲ, ಅವರ ದೇವರನ್ನು.

ನಿಮ್ಮ ಪ್ರಶ್ನೆಗೆ ಉತ್ತರ ಇದರಲ್ಲೇ ಇದೆ. ಯಹೂದಿ ಧರ್ಮ ಸಾಮಾನ್ಯವಾಗಿ ಮತಪ್ರಚಾರಕ್ಕೆ ಹೊರಡುವುದಿಲ್ಲ. ಹೊರಗಿನವರಿಗೆ ಅದು ಕಾಣುವುದು ಅದನ್ನು ಪಾಲಿಸುವವನ ನಡತೆಯಲ್ಲಿ. ಶಾಂತಿ ನೆಲೆಸಲೆಂದು ಅನ್ಯಮತದ ಬಡವರಿಗೂ ನೆರವಾಗಬೇಕು, ಅವರ ರೋಗಿಗಳನ್ನು ನೋಡಿಕೊಂಡು ಬರಬೇಕು, ಅವರ ಸತ್ತವರನ್ನು ಮಣ್ಣು ಮಾಡಬೇಕು ಎಂದು ತಾಲ್ಮುದ್ ವಿಧಿಸುತ್ತದೆ. ಈಜಿಪ್ತಿನಲ್ಲಿ ನೀವೂ ಪರದೇಶಿಗಳಾಗಿದ್ದಿರಿ, ಪರದೇಶಿಯನ್ನು ನೋಯಿಸಬೇಡಿ ಎಂದು ಯಹೂದಿಗಳ ಮೂಲ ಧರ್ಮಗ್ರಂಥ ಟೋರಾ ಮತ್ತೆ ಮತ್ತೆ ಎಚ್ಚರಿಸುತ್ತದೆ.

ನಮ್ಮ ನೆರೆಯಲ್ಲೇ ಇದಕ್ಕೊಂದು ಸಾಕ್ಷಿಯಿದೆ. ಬಾಗ್ದಾದನ್ನು ಆಳುತ್ತಿದ್ದ ಪಾಷಾನ ಕಿರುಕುಳ ತಾಳಲಾರದೆ ಊರು ಬಿಟ್ಟ ಡೇವಿಡ್ ಸಸೂನ್ ಎಂಬ ಯಹೂದಿ ವರ್ತಕರು 1832ರ ಹೊತ್ತಿಗೆ ಮುಂಬಯಿಗೆ ಬಂದು ನೆಲೆಸಿದರು. ವ್ಯಾಪಾರ ಕೈಹಿಡಿಯಿತು. ಪುಣೆಯಲ್ಲಿ ಎಲ್ಲ ಜನರಿಗೂ ಒಂದು ಆಸ್ಪತ್ರೆಯಾಗಲೆಂದು ಹಣ ಕೊಟ್ಟರು. ಅದು 1867ರಲ್ಲಿ ಬಾಗಿಲು ತೆರೆದಾಗ ಅವರು ತೀರಿಕೊಂಡು ಮೂರು ವರ್ಷವಾಗಿತ್ತು. ಯರವಡಾ ಜೈಲಿನಲ್ಲಿದ್ದ ಗಾಂಧೀಜಿಗೆ 1924ರ ಜನವರಿಯಲ್ಲಿ ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆ ನಡೆದದ್ದು ಆ ಸಸೂನ್ ಆಸ್ಪತ್ರೆಯಲ್ಲೇ.