ತೋಪು ರೆಡಿ, ಎಳೆಯೋದು ಯಾರು?

ತೋಪಿನ ಮಾಡೆಲ್ ಮಾಡೋದು ಅಷ್ಟೇನೂ ಕಷ್ಟ ಅಲ್ಲ. ಪಿವಿಸಿ ಪೈಪು, ಫೋಮ್ ಶೀಟು, ಲ್ಯಾಬಿನ 3ಡಿ ಪ್ರಿಂಟರ್ ಇದ್ದರೆ ಒಂದು ವಾರದಲ್ಲಿ ನಳಿಗೆ, ಗಾಲಿ, ಅಚ್ಚು ಎಲ್ಲ ರೆಡಿ. ಕಷ್ಟ ಶುರುವಾಗೋದು ಅದರ ಮುಂದೆ ಏನು ಕಟ್ಟಬೇಕು ಅನ್ನುವಾಗ. ಎಷ್ಟೋ ಎಕ್ಸಿಬಿಷನ್‌ಗಳಲ್ಲಿ ತೋಪು ಒಂದು ಕಾಲದ್ದು, ಅದನ್ನು ಎಳೆಯುವ ಗಾಡಿ ಇನ್ನೊಂದು ಕಾಲದ್ದು ಆಗಿರುತ್ತೆ. ಅಂಗಡಿಯಲ್ಲಿ ಸಿಕ್ಕಿದ ಹಸಿರು ಟ್ರಕ್ ತಂದು ಕೊಂಡಿ ಹಾಕಿಬಿಡ್ತಾರೆ. ನೋಡೋಕೆ ಚೆನ್ನಾಗಿರುತ್ತೆ, ಆದರೆ ಇತಿಹಾಸ ಸುಳ್ಳಾಗುತ್ತೆ.

ನಮ್ಮ ಕನ್ನಡ ಸಂಘದ ಮಾಡೆಲ್ ತಂಡ ಈ ಸಲ ಹೈದರ್ ಮತ್ತು ಟಿಪ್ಪು ಕಾಲದ ಮೈಸೂರಿನ ತೋಪು ಮಾಡ್ತಿದೆ. ಅದಕ್ಕೆ ಎಳೆಯುವವರನ್ನು ಹುಡುಕುವಾಗ ಕಲಿತದ್ದನ್ನು ಪಾಠದ ಥರ ಇಲ್ಲಿ ಬರೆದಿದ್ದೇವೆ. ನೀವು ಬೇರೆ ತೋಪು ಮಾಡಿದರೂ ಈ ನಾಲ್ಕು ಪ್ರಶ್ನೆ ಕೇಳಿಕೊಳ್ಳಿ.

ಪ್ರಶ್ನೆ 1: ಯಾವ ವರ್ಷ, ಯಾರ ಸೈನ್ಯ?

ತೋಪಿನ ಹೆಸರೊಂದೇ ಸಾಲದು. ಎರಡು ಉದಾಹರಣೆ ನೋಡಿ. ಎರಡನೇ ಮಹಾಯುದ್ಧದ ಬ್ರಿಟಿಷ್ 25 ಪೌಂಡರ್ ತೋಪಿಗೆ ಮಾರಿಸ್ ಕಂಪನಿಯ ‘ಕ್ವಾಡ್’ ಅನ್ನುವ ಗಿಡ್ಡ, ಇಳಿಜಾರು ಬೆನ್ನಿನ ಗಾಡಿ ಸರಿಹೊಂದುತ್ತೆ. ಆದರೆ ಕ್ವಾಡ್‌ಗೆ ನೇರವಾಗಿ ತೋಪು ಕಟ್ಟಿದರೆ ಅರ್ಧ ಮಾತ್ರ ಸರಿ. ಮಾಮೂಲಾಗಿ ನಡುವೆ 32 ಗುಂಡು ಹಿಡಿಸುವ ಎರಡು ಗಾಲಿಯ ಟ್ರೇಲರ್ ಇರುತ್ತಿತ್ತು, ಅದರ ಹಿಂದೆ ತೋಪು. ನಮ್ಮ ದೇಶ 1986ರಲ್ಲಿ ಸ್ವೀಡನ್ನಿನಿಂದ ಕೊಳ್ಳಲು ಒಪ್ಪಂದ ಮಾಡಿಕೊಂಡ, 1999ರಲ್ಲಿ ಕಾರ್ಗಿಲ್‌ನಲ್ಲಿ ಹೆಸರು ಮಾಡಿದ 155 ಎಂಎಂ ಬೋಫೋರ್ಸ್‌ಗೆ ಆರು ಚಕ್ರದ ಸ್ಕ್ಯಾನಿಯಾ ಟ್ರಕ್ ಬೇಕು. ಬೋಫೋರ್ಸ್ ಮುಂದೆ ಕ್ವಾಡ್ ನಿಲ್ಲಿಸಿದರೆ ಲೂನಾ ಗಾಡಿಗೆ ಲಾರಿ ಕಟ್ಟಿದ ಹಾಗೆ.

ನಮ್ಮ ತೋಪಿಗೆ ಉತ್ತರ ಇಂಜಿನ್ ಅಲ್ಲ, ಎತ್ತು. ಅದೂ ಯಾವುದೋ ಎತ್ತು ಅಲ್ಲ, ಅಮೃತ ಮಹಲ್. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ‘ಬೆಣ್ಣೆ ಚಾವಡಿ’ ಅನ್ನುವ ಹೆಸರಿನಲ್ಲಿ ಅರಮನೆಯ ದನಗಳ ಇಲಾಖೆ ಶುರುವಾಯ್ತು. ಹೆಸರಿನಲ್ಲಿ ಹಾಲು ಬೆಣ್ಣೆ ಇದ್ದರೂ ಹೈದರಾಲಿ ಈ ದನಗಳನ್ನು ದಂಡಿನ ಕೆಲಸಕ್ಕೆ ಬೆಳೆಸಿದ. ಟಿಪ್ಪು ಅದಕ್ಕೆ ಅಮೃತ ಮಹಲ್ ಅಂತ ಹೆಸರಿಟ್ಟು, ದನಗಳನ್ನು ಹೇಗೆ ಸಾಕಬೇಕು ಅಂತ ನಿಯಮವನ್ನೇ ಬರೆಸಿದ. 1781ರ ಸುಮಾರಿಗೆ ಚಿದಂಬರದ ರಕ್ಷಣೆಗೆ ಹೈದರ್ ಎರಡೂವರೆ ದಿನದಲ್ಲಿ 100 ಮೈಲಿ ಹೋದದ್ದು ಈ ಎತ್ತುಗಳ ಬಲದಿಂದ ಅಂತ ಹಳೆಯ ಮೈಸೂರು ಗೆಜೆಟಿಯರ್ ಹೇಳುತ್ತೆ. ಅಂದರೆ ದಿನಕ್ಕೆ ಸುಮಾರು 64 ಕಿಲೋಮೀಟರ್, ಹೆಚ್ಚು ಕಡಿಮೆ ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಹೋದಷ್ಟು, ತೋಪುಗಳ ಸಮೇತ.

ಕಂಪನಿ ಸೈನ್ಯದ ತೋಪುಗಳನ್ನೂ ಆಗ ಹೆಚ್ಚಾಗಿ ಎತ್ತುಗಳೇ ಎಳೆಯುತ್ತಿದ್ದವು. ಆದರೆ 1791ರಲ್ಲಿ ಕಾರ್ನ್‌ವಾಲಿಸ್ ಕಥೆ ಏನಾಯ್ತು ನೋಡಿ. ಮಾರ್ಚ್‌ನಲ್ಲಿ ಬೆಂಗಳೂರು ಕೋಟೆ ಗೆದ್ದ. ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಹತ್ತಿರ ಅರಕೆರೆಯಲ್ಲೂ ಗೆದ್ದ. ಆದರೆ ಮೇವಿಲ್ಲದೆ, ರೋಗ ಬಂದು ಅವನ ಎತ್ತುಗಳು ಸತ್ತವು. ಎಳೆಯೋರೇ ಇಲ್ಲ ಅಂದಮೇಲೆ ಕೋಟೆ ಒಡೆಯುವ ದೊಡ್ಡ ತೋಪುಗಳನ್ನು ತಾನೇ ನಾಶಮಾಡಿ ಹಿಂದಿರುಗಬೇಕಾಯ್ತು. ತೋಪಿನ ಮುಂದೆ ಕಟ್ಟಿರೋದು ಅಲಂಕಾರ ಅಲ್ಲ, ಅದು ತೋಪಿನ ಅರ್ಧ ಭಾಗ ಅಂತ ನಮಗೆ ಅರ್ಥವಾಗಿದ್ದು ಇಲ್ಲೇ.

ಪ್ರಶ್ನೆ 2: ತೂಕ ಎಷ್ಟು, ನೆಲ ಎಂಥದ್ದು?

ಎಷ್ಟು ಜೋಡಿ ಎತ್ತು ಕಟ್ಟಬೇಕು? ಇದಕ್ಕೆ ಫಸ್ಟ್ ಇಯರ್ ಮೆಕ್ಯಾನಿಕ್ಸ್ ಸಾಕು. ಒಂದು ಎತ್ತು 500 ಕಿಲೋ ಅಂತ ಇಟ್ಟುಕೊಳ್ಳೋಣ. ದಿನವಿಡೀ ಎಳೆಯುವಾಗ ಎತ್ತು ತನ್ನ ತೂಕದ ಹತ್ತನೇ ಒಂದು ಭಾಗದಷ್ಟು ಬಲ ಹಾಕುತ್ತೆ ಅನ್ನೋದು ಸಾಮಾನ್ಯ ಲೆಕ್ಕ. ಅಂದರೆ ಸುಮಾರು 490 ನ್ಯೂಟನ್, ಜೋಡಿಗೆ 980. ತೋಪು ಮತ್ತು ಮುಂದಿನ ಗಾಡಿ ಸೇರಿ 1000 ಕಿಲೋ ಅಂದುಕೊಂಡರೆ ತೂಕ 9800 ನ್ಯೂಟನ್.

ಗಟ್ಟಿ ದಾರಿಯಲ್ಲಿ ಉರುಳು ಘರ್ಷಣೆ 0.05 ಇದ್ದರೆ ಬೇಕಾದ ಬಲ 490 ನ್ಯೂಟನ್. ಒಂದೇ ಜೋಡಿ ಆರಾಮಾಗಿ ಎಳೆಯುತ್ತೆ.

ಮಳೆ ಬಂದ ಕರಿ ಮಣ್ಣಿನ ಹೊಲದಲ್ಲಿ ಅದೇ 0.25 ಆದರೆ 2450 ನ್ಯೂಟನ್. ಎರಡೂವರೆ ಜೋಡಿ ಅಂತ ಕಟ್ಟೋಕಾಗಲ್ಲ, ಹಾಗಾಗಿ ಮೂರು.

ಅದೇ ಹೊಲ ಹತ್ತಕ್ಕೆ ಒಂದು ಏರು ಇದ್ದರೆ ಇನ್ನೂ 980 ಸೇರಿ 3430 ನ್ಯೂಟನ್. ಈಗ ನಾಲ್ಕು ಜೋಡಿ.

ಸಾಲಾಗಿ ಕಟ್ಟಿದಾಗ ಎಲ್ಲ ಎತ್ತುಗಳೂ ಒಂದೇ ಕ್ಷಣಕ್ಕೆ ಎಳೆಯಲ್ಲ, ಸ್ವಲ್ಪ ಬಲ ಪೋಲಾಗುತ್ತೆ. ಆದ್ದರಿಂದ ಲೆಕ್ಕಕ್ಕಿಂತ ಒಂದು ಜೋಡಿ ಹೆಚ್ಚಿದ್ದರೆ ತಪ್ಪಲ್ಲ, ಕಡಿಮೆ ಇದ್ದರೆ ತಪ್ಪು. ನಮ್ಮ ದೃಶ್ಯ ಸಮತಟ್ಟಾದ, ಒದ್ದೆಯಾದ ಕರಿ ಮಣ್ಣು. ಹಾಗಾಗಿ ನಾವು ಮೂರಕ್ಕೆ ಒಂದು ಸೇರಿಸಿ ನಾಲ್ಕು ಜೋಡಿ ಕಟ್ಟಿದ್ದೇವೆ. ನೀವು ಮೊದಲು ಬೇಸ್ ಬೋರ್ಡಿನ ನೆಲ ತೀರ್ಮಾನ ಮಾಡಿ, ಆಮೇಲೆ ಎತ್ತು ಎಣಿಸಿ.

ಪ್ರಶ್ನೆ 3: ಕೊಂಡಿ ಎಲ್ಲಿ?

ತೋಪು ಸಾಗುವಾಗ ಅದರ ಬಾಯಿ ಹಿಂದಕ್ಕಿರುತ್ತೆ. ಎಷ್ಟೋ ಜನ ಇದನ್ನೇ ಉಲ್ಟಾ ಮಾಡ್ತಾರೆ. ತೋಪಿನ ಮರದ ಬಾಲವನ್ನು ಎತ್ತಿ ಎರಡು ಗಾಲಿಯ ಒಂದು ಚಿಕ್ಕ ಗಾಡಿಯ ಮೇಲೆ ಕೂರಿಸ್ತಾರೆ, ಇದಕ್ಕೆ ಲಿಂಬರ್ ಅಂತ ಹೆಸರು. ಬಾಲದ ಭಾರ ಲಿಂಬರ್ ಗಾಲಿಗೆ ಹೋಗುತ್ತೆ, ಎತ್ತಿನ ಹೆಗಲಿಗೆ ಎಳೆಯುವ ಕೆಲಸ ಮಾತ್ರ ಉಳಿಯುತ್ತೆ. ಲಿಂಬರ್ ಮೂಕಿಗೆ ಮೊದಲ ಜೋಡಿ, ಅದರ ಮುಂದೆ ಹಗ್ಗದಲ್ಲಿ ಉಳಿದ ಜೋಡಿಗಳು.

ನೊಗದ ಅಳತೆಗೆ ನಾವು ಲೋಕಿಕೆರೆಗೆ ಹೋಗಿದ್ದೆವು. ತಂಡದ ಗೆಳೆಯನೊಬ್ಬನ ಊರು ಅದು. ಅವರ ಅಜ್ಜನ ಹಳೆಯ ಎತ್ತಿನಗಾಡಿ ಇನ್ನೂ ಹಿತ್ತಲಲ್ಲಿದೆ. ನೊಗದ ಉದ್ದ, ಮೂಕಿಯ ದಪ್ಪ, ಅಚ್ಚು, ಕಡಾಣಿ ಎಲ್ಲವನ್ನೂ ಟೇಪು ಹಿಡಿದು ಬರೆದುಕೊಂಡೆವು. ನಾವು ನೊಗವನ್ನೇ ಅಳೀತಾ ಕೂತಿದ್ದು ನೋಡಿ ಅಜ್ಜ ಅಂದರು, “ನೊಗ ಆಮೇಲೆ ನೋಡ್ರಪ್ಪಾ, ಮೊದ್ಲು ಎತ್ತಿನ ಹೆಗಲು ನೋಡ್ರಿ. ಇಣಿ ಇಲ್ದಿದ್ರೆ ನೊಗ ಎಲ್ಲಿ ನಿಲ್ತದೆ?” ಇಣಿ ಅಂದರೆ ಹೆಗಲ ಮೇಲಿನ ಡುಬ್ಬ. ನಮ್ಮ ಎತ್ತುಗಳಲ್ಲಿ ನೊಗ ಡುಬ್ಬದ ಮುಂದೆ ಕೂರುತ್ತೆ, ಎಳೆಯುವ ಬಲ ಅಲ್ಲಿಂದ ಬರುತ್ತೆ.

ಪ್ರಶ್ನೆ 4: ಎಳೆಯುವವರ ರೂಪ ಸರಿಯಿದೆಯೇ?

ಅಜ್ಜನ ಮಾತಿನಿಂದಲೇ ಈ ಪ್ರಶ್ನೆ ಬಂತು. ಆನ್‌ಲೈನ್‌ನಲ್ಲಿ ಸಿಗುವ ಪ್ಲಾಸ್ಟಿಕ್ ಎತ್ತುಗಳು ಬಹುಪಾಲು ಯೂರೋಪಿನವು, ಡುಬ್ಬ ಇಲ್ಲ. ಅಮೃತ ಮಹಲ್ ಎತ್ತಿನ ಮೈ ಬೂದು ಬಣ್ಣ, ಮುಖ ಉದ್ದ ಮತ್ತು ಸಪೂರ, ಹಣೆಯ ನಡುವೆ ಒಂದು ಗೆರೆ. ಕೊಂಬು ಬುಡದಲ್ಲಿ ಹತ್ತಿರ ಹತ್ತಿರ ಹುಟ್ಟಿ, ಉದ್ದವಾಗಿ ಹಿಂದಕ್ಕೆ ಬಾಗಿ, ತುದಿ ಚೂಪಾಗಿರುತ್ತೆ. ನಾವು ತಂತಿಯ ಅಸ್ಥಿಪಂಜರದ ಮೇಲೆ ಎಂ-ಸೀಲ್ ಮೆತ್ತಿ ಎತ್ತು ಮಾಡಿದ್ದೇವೆ, ಕೊಂಬಿಗೆ ತಾಮ್ರದ ತಂತಿ. ಎತ್ತರ ಸುಮಾರು 1.3 ಮೀಟರ್ ಹಿಡಿದರೆ 1:32 ಅಳತೆಯಲ್ಲಿ 4 ಸೆಂಟಿಮೀಟರ್ ಬರುತ್ತೆ.

ನಿಜವಾದ ಎತ್ತು ನೋಡಬೇಕು ಅಂದರೆ ದೂರ ಹೋಗಬೇಕಿಲ್ಲ. ದಾವಣಗೆರೆಯಿಂದ ಬೆಂಗಳೂರಿಗೆ ಹೋಗುವ ರೈಲು ದಾರಿಯಲ್ಲೇ ಅಜ್ಜಂಪುರ ಇದೆ, ಅಲ್ಲಿ ಸರ್ಕಾರದ ಅಮೃತ ಮಹಲ್ ತಳಿ ಕೇಂದ್ರ ಇದೆ. 1799ರಲ್ಲಿ ಟಿಪ್ಪು ಸತ್ತ ಮೇಲೆ ಬ್ರಿಟಿಷರು ಈ ಹಿಂಡುಗಳನ್ನು ತಮ್ಮ ಸೈನ್ಯಕ್ಕೆ ಬಳಸಿಕೊಂಡರು. 1860ರಲ್ಲಿ ಖರ್ಚು ಜಾಸ್ತಿ ಅಂತ ಮಾರಿಬಿಟ್ಟರು, 1866ರಲ್ಲಿ ಮತ್ತೆ ಕಟ್ಟಿದರು. ಆಮೇಲೆ ಇಂಜಿನ್ ಬಂತು, ಎತ್ತಿಗೆ ದಂಡಿನಲ್ಲಿ ಕೆಲಸ ಇಲ್ಲವಾಯ್ತು.

ಈ ದನಗಳು ಮೇಯುತ್ತಿದ್ದ ಹುಲ್ಲುಗಾವಲಿಗೆ ಕಾವಲು ಅಂತ ಹೆಸರು. ಪಕ್ಕದ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನಲ್ಲಿ ಇಂಥ ಕಾವಲುಗಳ ಸಾವಿರಾರು ಎಕರೆಯನ್ನು ಡಿಆರ್‌ಡಿಒ, ಇಸ್ರೋ, ಬಿಎಆರ್‌ಸಿ, ಐಐಎಸ್‌ಸಿ ಸಂಸ್ಥೆಗಳಿಗೆ ಕೊಟ್ಟಿದ್ದಾರೆ. ಅಲ್ಲಿ ಕುರಿ, ದನ ಮೇಯಿಸುತ್ತಿದ್ದ ಹಳ್ಳಿಯವರು ವಿರೋಧಿಸಿದರು, ವಿಷಯ ಹಸಿರು ನ್ಯಾಯಮಂಡಳಿಯವರೆಗೂ ಹೋಯ್ತು. ಈಗ ಅಲ್ಲಿ ಡ್ರೋನ್‌ಗಳ ಪರೀಕ್ಷೆ ನಡೆಯುತ್ತೆ. ಒಂದು ಕಾಲದ ಮಿಲಿಟರಿ ತಂತ್ರಜ್ಞಾನ ಮೇಯುತ್ತಿದ್ದ ನೆಲದಲ್ಲೇ ಇನ್ನೊಂದು ಕಾಲದ ಮಿಲಿಟರಿ ತಂತ್ರಜ್ಞಾನ ಹಾರುತ್ತಿದೆ. ನಮ್ಮಲ್ಲಿ ಕೆಲವರು ನಾಳೆ ಅಲ್ಲಿಗೇ ಕೆಲಸಕ್ಕೆ ಹೋಗಬಹುದು. ಹೋಗುವವರಿಗೆ ಆ ನೆಲ ಖಾಲಿ ಬಯಲಾಗಿರಲಿಲ್ಲ ಅನ್ನೋದು ಗೊತ್ತಿರಲಿ.

ಅದಕ್ಕೇ ಮಾಡೆಲ್ ಪಕ್ಕದ ಬೋರ್ಡಿನಲ್ಲಿ ತೋಪಿನ ವಿವರದಷ್ಟೇ ಜಾಗವನ್ನು ಎತ್ತಿಗೂ ಕೊಡಬೇಕು ಅಂತ ತೀರ್ಮಾನಿಸಿದ್ದೇವೆ: ತಳಿ, ಅಳತೆ, ಎಷ್ಟು ಜೋಡಿ, ಯಾಕೆ ಅಷ್ಟು. ನೀವು ಮಾಡುವ ಮಾಡೆಲ್‌ಗೂ ಹಾಗೇ ಬರೆಯಿರಿ. ಲೆಕ್ಕದಲ್ಲಿ ಅನುಮಾನ ಇದ್ದರೆ ಸಂಘದ ರೂಮಿಗೆ ಬನ್ನಿ, ಕೂತು ಮಾಡೋಣ. ಎಂ-ಸೀಲ್ ಮಾತ್ರ ನೀವೇ ತರಬೇಕು.